ನೆಲ ಮಾರಿ ಮನೆ ಕಟ್ಟುವ ಲೆಕ್ಕ

ದಿಲ್ಲಿಯ ಲೋಧಿ ಕಾಲೋನಿಗೆ ಜನ ಗೋಡೆ ನೋಡಲು ಬರುತ್ತಾರೆ. ಸುಮಾರು ಹತ್ತು ವರ್ಷಗಳಿಂದ ಅಲ್ಲಿನ ಸರ್ಕಾರಿ ಕ್ವಾರ್ಟರ್ಸ್‌ಗಳ ಎತ್ತರದ ಗೋಡೆಗಳ ಮೇಲೆ ದೇಶವಿದೇಶದ ಕಲಾವಿದರು ಚಿತ್ರ ಬರೆಯುತ್ತಿದ್ದಾರೆ. ಚಿತ್ರಗಳ ಸಂಖ್ಯೆ ಐವತ್ತು ದಾಟಿದೆ. ರಜೆಯ ದಿನ ಕ್ಯಾಮೆರಾ ಹಿಡಿದವರು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಮೊಬೈಲಿನಲ್ಲಿ ರೀಲ್ಸ್ ಮಾಡುವ ಹುಡುಗರು ಅಲ್ಲಿ ಸಿಗುತ್ತಾರೆ. ಗೋಡೆಯ ಹಿಂದಿನ ಮನೆ ಯಾರದು, ಬಾಡಿಗೆ ಎಷ್ಟು, ಎಂಬತ್ತು ವರ್ಷಗಳಾದರೂ ನಗರದ ಈ ನಡುಭಾಗ ಯಾವ ಬಿಲ್ಡರನ ಕೈಗೂ ಹೋಗದೆ ಉಳಿದದ್ದು ಹೇಗೆ ಎಂದು ಕೇಳುವವರು ಕಡಿಮೆ. ಬಡವರಿಗೆ ಮನೆ ಒದಗಿಸುವ ಬಗ್ಗೆ ಸರ್ಕಾರಗಳು ಆಡುವ ಮಾತಿಗೆ ಉತ್ತರ ಇರುವುದು ಈ ಕೇಳದ ಪ್ರಶ್ನೆಯಲ್ಲೇ.

ಬ್ರಿಟಿಷರು ಹೊಸ ದಿಲ್ಲಿಯಲ್ಲಿ ತಮ್ಮ ನೌಕರರಿಗೆಂದು ಕೊನೆಯದಾಗಿ ಕಟ್ಟಿದ ಕಾಲೋನಿ ಇದು, 1940ರ ದಶಕದ್ದು. ದಪ್ಪ ಗೋಡೆ, ಕಮಾನಿನ ಬಾಗಿಲು, ಒಳಗೆ ಹುಲ್ಲಿನ ಅಂಗಳ. ಅಂದಿನಿಂದ ಗುಮಾಸ್ತರು, ಸ್ಟೆನೋಗಳು, ಸೆಕ್ಷನ್ ಆಫೀಸರುಗಳು ಬಂದರು, ಮಕ್ಕಳನ್ನು ಓದಿಸಿದರು, ನಿವೃತ್ತರಾಗಿ ಬೀಗದ ಕೈ ಒಪ್ಪಿಸಿ ಹೋದರು. ಮನೆ ಯಾರ ಹೆಸರಿಗೂ ಆಗಲಿಲ್ಲ. ಕ್ವಾರ್ಟರ್ಸ್ ಸಿಕ್ಕವರು ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಬಿಟ್ಟುಕೊಡಬೇಕು, ಜತೆಗೆ ಒಂದು ಪರವಾನಗಿ ಶುಲ್ಕ ಕಟ್ಟಬೇಕು. ಟೈಪ್-2 ಮನೆಗೆ ಆ ಶುಲ್ಕ ಇವತ್ತಿಗೂ ತಿಂಗಳಿಗೆ ಸಾವಿರ ರೂಪಾಯಿ ಮುಟ್ಟಿಲ್ಲ. ಪಕ್ಕದ ಲೋಧಿ ಎಸ್ಟೇಟಿನಲ್ಲಿ ದಿಲ್ಲಿ ಕನ್ನಡ ಶಾಲೆಯಿದೆ. ಕೇಂದ್ರ ಸರ್ಕಾರದ ನೌಕರಿ ಹಿಡಿದು ಧಾರವಾಡದಿಂದಲೋ ಮೈಸೂರಿನಿಂದಲೋ ಬಂದ ಮನೆತನಗಳು ರಾಜಧಾನಿಯಲ್ಲಿ ಬೇರು ಬಿಟ್ಟದ್ದು, ಮಕ್ಕಳಿಗೊಂದು ಕನ್ನಡ ಶಾಲೆ ಬೇಕೆನಿಸುವಷ್ಟು ಕಾಲ ಒಂದೆಡೆ ನಿಂತದ್ದು, ಬಹುಪಾಲು ಇಂಥ ಕ್ವಾರ್ಟರ್ಸ್‌ಗಳ ಬಲದಿಂದಲೇ.

ಸರ್ಕಾರದ ನೆಲದಲ್ಲಿ ಸರ್ಕಾರವೇ ಕಟ್ಟಿ, ಆದಾಯಕ್ಕೆ ತಕ್ಕ ಬಾಡಿಗೆಗೆ ಕೊಟ್ಟು, ಇದ್ದವರು ಹೋದ ಮೇಲೆ ಸರತಿಯಲ್ಲಿ ಮುಂದಿನವರಿಗೆ ಕೊಡುವ ವ್ಯವಸ್ಥೆಗೆ ಜಗತ್ತಿನ ಬೇರೆ ಕಡೆ ಸಾಮಾಜಿಕ ವಸತಿ ಎಂದು ಹೆಸರು. ಲೋಧಿ ಕಾಲೋನಿ ಅದೇ. ಭಾರತಕ್ಕೆ ಈ ವಿದ್ಯೆ ಬರುವುದಿಲ್ಲ, ಇಲ್ಲಿ ಅದು ನಡೆಯುವುದಿಲ್ಲ ಎನ್ನುವವರು ಜೋರ್‌ಬಾಗ್ ಮೆಟ್ರೋ ನಿಲ್ದಾಣದಲ್ಲಿ ಇಳಿದು ನೋಡಿ ಬರಬಹುದು. ನಡೆದಿದೆ, ಎಂಬತ್ತು ವರ್ಷ ನಡೆದಿದೆ. ಆದರೆ ತನ್ನ ನೌಕರರಿಗೆ ಮಾತ್ರ. ಆ ನೌಕರರ ಮನೆಯ ಪಾತ್ರೆ ತೊಳೆಯುವವರಿಗೆ, ಅವರ ಬಟ್ಟೆ ಇಸ್ತ್ರಿ ಮಾಡುವವರಿಗೆ, ಅವರ ಮಕ್ಕಳನ್ನು ರಿಕ್ಷಾದಲ್ಲಿ ಶಾಲೆಗೆ ಬಿಡುವವರಿಗೆ ಸರ್ಕಾರದ ಬಳಿ ಇರುವುದು ಬೇರೆಯದೇ ಲೆಕ್ಕ.

ಆ ಲೆಕ್ಕ ಏನೆಂದು ತಿಳಿಯಲು ಲೋಧಿ ಕಾಲೋನಿಯ ನೆರೆಹೊರೆಗೆ ಹೋಗಬೇಕು. 2016ರ ಜುಲೈಯಲ್ಲಿ ಕೇಂದ್ರ ಸಂಪುಟ ದಕ್ಷಿಣ ದಿಲ್ಲಿಯ ಏಳು ಸರ್ಕಾರಿ ಕಾಲೋನಿಗಳನ್ನು ಕೆಡವಿ ಕಟ್ಟಲು ಒಪ್ಪಿತು: ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ, ಕಸ್ತೂರಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ, ಮೊಹಮ್ಮದ್‌ಪುರ. ಕಸ್ತೂರಬಾ ನಗರ ಮತ್ತು ತ್ಯಾಗರಾಜ ನಗರ ಲೋಧಿ ಕಾಲೋನಿಗೆ ತೀರಾ ಹತ್ತಿರದವು. ಹಳೆಯ 12,970 ಮನೆಗಳ ಜಾಗದಲ್ಲಿ ಸುಮಾರು 25,667 ಮನೆ. ಮೂವತ್ತು ವರ್ಷದ ನಿರ್ವಹಣೆಯೂ ಸೇರಿ ಅಂದಾಜು ವೆಚ್ಚ 32,835 ಕೋಟಿ ರೂಪಾಯಿ. ಮನೆಗಳು ಇಮ್ಮಡಿಯಾದವು. ಸರ್ಕಾರಿ ಮನೆಗಾಗಿ ವರ್ಷಗಟ್ಟಲೆ ಕಾಯುವ ಕೆಳಹಂತದ ನೌಕರರಿಗೆ ಇದು ಸಣ್ಣ ವಿಷಯವಲ್ಲ, ಅದನ್ನು ಹೀಯಾಳಿಸುವುದು ನ್ಯಾಯವೂ ಅಲ್ಲ.

ತಕರಾರು ಇರುವುದು ಹಣ ತಂದ ದಾರಿಯ ಬಗ್ಗೆ. ಯೋಜನೆಯ ಹೆಗ್ಗಳಿಕೆಯೇ ಅದು ಬೊಕ್ಕಸದಿಂದ ಒಂದು ಪೈಸೆಯನ್ನೂ ಕೇಳದೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ ಎಂಬುದು. ಹೇಗೆ? ನೌರೋಜಿ ನಗರದಲ್ಲಿ ಮನೆಗಳೇ ಬೇಡ, ಅಲ್ಲಿ ಕಚೇರಿ ಗೋಪುರಗಳನ್ನು ಎಬ್ಬಿಸಿ ಹರಾಜು ಹಾಕುವುದು. ಬಂದ ಹಣದಲ್ಲಿ ಉಳಿದ ಕಡೆ ಕ್ವಾರ್ಟರ್ಸ್ ಕಟ್ಟುವುದು. ಆರುನೂರಕ್ಕೂ ಹೆಚ್ಚು ಮನೆಗಳಿದ್ದ ಕಾಲೋನಿ ಈಗ ವರ್ಲ್ಡ್ ಟ್ರೇಡ್ ಸೆಂಟರ್, ಸುಮಾರು 34 ಲಕ್ಷ ಚದರಡಿ. ಹರಾಜಿನಲ್ಲಿ ಹತ್ತು ಸಾವಿರ ಕೋಟಿಗೂ ಮೀರಿ ಬಂತು. ಹಳ್ಳಿಯಲ್ಲಿ ಮಗಳ ಮದುವೆಗೆ ಹೊಲ ಮಾರಿದವರು 'ಮದುವೆಗೆ ಕೈಯಿಂದ ಏನೂ ಖರ್ಚಾಗಲಿಲ್ಲ' ಎಂದರೆ ಕೇಳಿದವರು ನಗುತ್ತಾರೆ. ಮಂತ್ರಾಲಯ ಅದೇ ಮಾತನ್ನು ಪತ್ರಿಕಾ ಪ್ರಕಟಣೆಯಲ್ಲಿ ಹೇಳಿದರೆ ಅದಕ್ಕೆ ಸ್ವಾವಲಂಬಿ ಮಾದರಿ ಎಂದು ಹೆಸರು ಬರುತ್ತದೆ.

2018ರ ಜೂನಿನಲ್ಲಿ ಈ ಕಾಲೋನಿಗಳ ಮರಗಳಿಗಾಗಿ ಗಲಾಟೆಯಾಯಿತು. ಸಾವಿರಾರು ಮರ ಕಡಿಯಲು ಹೊರಟಾಗ ಸರೋಜಿನಿ ನಗರದಲ್ಲಿ ಜನ ಮರ ತಬ್ಬಿ ನಿಂತರು, ದಿಲ್ಲಿ ಹೈಕೋರ್ಟ್ ತಡೆ ಹಾಕಿತು, ನಕ್ಷೆಗಳು ಬದಲಾದವು. ಒಳ್ಳೆಯದೇ ಆಯಿತು. ಆದರೆ ಮರದ ಲೆಕ್ಕ ಕೇಳಿದ ಆ ಮಧ್ಯಮವರ್ಗ ನೆಲದ ಲೆಕ್ಕ ಕೇಳಲಿಲ್ಲ. ಸಾರ್ವಜನಿಕ ನೆಲದ ಮೇಲಿನ ಇಷ್ಟೊಂದು ಜಾಗ ಹರಾಜಿಗೆ ಹೋಗುವಾಗ ಅದರಲ್ಲಿ ಒಂದು ಮೂಲೆಯಾದರೂ ಕೂಲಿಯವರ ಮನೆಗೆ ಎತ್ತಿಡಿ ಎಂದು ಮರ ತಬ್ಬಿದಷ್ಟು ಗಟ್ಟಿಯಾಗಿ ಯಾರೂ ಹಟ ಹಿಡಿಯಲಿಲ್ಲ.

2025ರ ಜನವರಿ 3ರಂದು ಪ್ರಧಾನಿ ಮೋದಿಯವರು ದಿಲ್ಲಿಯಲ್ಲಿ ಒಟ್ಟಿಗೆ ಉದ್ಘಾಟಿಸಿದ್ದನ್ನು ಸಾಲಾಗಿ ಇಟ್ಟು ನೋಡಬೇಕು. ನೌರೋಜಿ ನಗರದ ವರ್ಲ್ಡ್ ಟ್ರೇಡ್ ಸೆಂಟರ್. ಸರೋಜಿನಿ ನಗರದಲ್ಲಿ 28 ಗೋಪುರಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಟೈಪ್-2 ಕ್ವಾರ್ಟರ್ಸ್. ಮತ್ತು ಅಶೋಕ ವಿಹಾರದಲ್ಲಿ ಜೈಲರ್‌ವಾಲಾ ಬಾಗ್ ಜೋಪಡಿಗಳವರಿಗೆ, ಅವರು ಇದ್ದ ಜಾಗದಲ್ಲೇ, 1,675 ಫ್ಲ್ಯಾಟುಗಳು. ಕೊನೆಯದನ್ನು ಮೆಚ್ಚಲೇಬೇಕು. ಅದರ ಹಣಕಾಸು ಇನ್ನೂ ಗಮನಾರ್ಹ. ಸರ್ಕಾರ ಒಂದು ಫ್ಲ್ಯಾಟಿಗೆ 25 ಲಕ್ಷ ಖರ್ಚು ಮಾಡಿದರೆ, ಪಡೆಯುವವರು ಕೊಡಬೇಕಾದ್ದು 1.42 ಲಕ್ಷ, ಜತೆಗೆ ಐದು ವರ್ಷದ ನಿರ್ವಹಣೆಗೆ 30,000. ಅಂದರೆ ಜನ ಇರುವಲ್ಲೇ ಮನೆ ಕಟ್ಟಬಹುದು, ಸರ್ಕಾರಕ್ಕೆ ಅದು ಗೊತ್ತಿದೆ, ಕೈಯಲ್ಲಿ ಹಣವೂ ಇದೆ. 1,675 ಮನೆಗೆ 25 ಲಕ್ಷದಂತೆ ಗುಣಿಸಿದರೆ ಸುಮಾರು 419 ಕೋಟಿ. ನೌರೋಜಿ ನಗರದ ಹರಾಜಿನ ಮೊತ್ತದಲ್ಲಿ ಇಂಥ ಇಪ್ಪತ್ತಕ್ಕೂ ಹೆಚ್ಚು ಜೈಲರ್‌ವಾಲಾ ಬಾಗ್‌ಗಳು ಏಳಬಹುದಿತ್ತು. ದಿಲ್ಲಿಯಲ್ಲಿ ಆದದ್ದು ಇಂಥ ಎರಡು ಮೂರು. ಕಾಲ್ಕಾಜಿಯಲ್ಲಿ 2022ರಲ್ಲಿ 3,024 ಫ್ಲ್ಯಾಟು ಆದವು. ಕಠ್‌ಪುತಲಿ ಕಾಲೋನಿಯ ಬೊಂಬೆಯಾಟದವರನ್ನು 2017ರಲ್ಲಿ ಎಬ್ಬಿಸಿ ತಾತ್ಕಾಲಿಕ ಶಿಬಿರಕ್ಕೆ ಕಳಿಸಿದ ಮೇಲೆ ಅವರ ಕಾಯುವಿಕೆ ವರ್ಷಗಟ್ಟಲೆ ಎಳೆಯಿತು.

ಉಳಿದವರಿಗೆ ಏನಾಗುತ್ತದೆ ಎಂಬುದಕ್ಕೆ ಲೋಧಿ ಕಾಲೋನಿಯಿಂದ ದೂರ ಹೋಗಬೇಕಿಲ್ಲ. ಜಂಗಪುರದ ಬಳಿ, ಬಾರಾಪುಲ್ಲಾ ನಾಲೆಯ ದಂಡೆಯ ಮೇಲೆ ಮದ್ರಾಸಿ ಕ್ಯಾಂಪ್ ಎಂಬ ತಮಿಳರ ಬಸ್ತಿಯಿತ್ತು. ಅರ್ಧ ಶತಮಾನದಷ್ಟು ಹಳೆಯದು. ಅಲ್ಲಿನ ಹೆಂಗಸರು ಸುತ್ತಲಿನ ಕಾಲೋನಿಗಳಲ್ಲಿ ಮನೆಗೆಲಸ ಮಾಡುತ್ತಿದ್ದರು, ಮಕ್ಕಳಲ್ಲಿ ಅನೇಕರು ದಿಲ್ಲಿ ತಮಿಳು ಶಿಕ್ಷಣ ಸಂಘದ ಶಾಲೆಗಳಿಗೆ ಹೋಗುತ್ತಿದ್ದರು. ನಾಲೆಯ ಹರಿವಿಗೆ ಅಡ್ಡಿ ಎಂಬ ಕಾರಣಕ್ಕೆ ಹೈಕೋರ್ಟ್ ಆದೇಶದಂತೆ 2025ರ ಜೂನ್ 1ರಂದು ಅದನ್ನು ನೆಲಸಮ ಮಾಡಿದರು. ಸುಮಾರು 370 ಕುಟುಂಬಗಳಲ್ಲಿ ಪುನರ್ವಸತಿಗೆ ಅರ್ಹರೆಂದು ಎಣಿಸಿದ್ದು 189. ಆ 189ಕ್ಕೆ ಕೊಟ್ಟದ್ದು ನಗರದ ಉತ್ತರದ ತುದಿಯಲ್ಲಿ, ಮೂವತ್ತು ಕಿಲೋಮೀಟರಿಗೂ ಆಚೆ ಇರುವ ನರೇಲಾದಲ್ಲಿ ಫ್ಲ್ಯಾಟು. ಉಳಿದವರಿಗೆ ಅದೂ ಇಲ್ಲ. ಊರಿಗೆ ಮರಳುವವರಿಗೆ ನೆರವು ಕೊಡುತ್ತೇವೆ ಎಂದು ತಮಿಳುನಾಡು ಸರ್ಕಾರ ಹೇಳಿತು; ದಿಲ್ಲಿಯಲ್ಲೇ ಹುಟ್ಟಿ ಬೆಳೆದವರಿಗೆ ಯಾವುದು ಊರು?

ನಾಲೆ ಹರಿಯಬೇಕು, ಮಳೆಗಾಲದಲ್ಲಿ ನಗರ ಮುಳುಗಬಾರದು, ಒಪ್ಪಿದ್ದೇ. ಆದರೆ ದಿಲ್ಲಿಯದೇ 2015ರ ಪುನರ್ವಸತಿ ನೀತಿ ಹೇಳುವುದೇನು? ಜೋಪಡಿ ಇದ್ದಲ್ಲೇ ಮನೆ ಕೊಡಬೇಕು. ಆಗದಿದ್ದರೆ ಐದು ಕಿಲೋಮೀಟರಿನೊಳಗೆ. ಅದನ್ನು ಮೀರಿ ಹೋಗುವುದು ಅಪವಾದದ ಸಂದರ್ಭದಲ್ಲಿ ಮಾತ್ರ, ಅದಕ್ಕೂ ಮಂಡಳಿಯ ಒಪ್ಪಿಗೆ ಬೇಕು. ಮದ್ರಾಸಿ ಕ್ಯಾಂಪಿನಿಂದ ಐದು ಕಿಲೋಮೀಟರಿನ ಒಳಗೆ ಏನೇನು ಬರುತ್ತದೆ ಎಂದು ನಕ್ಷೆಯ ಮೇಲೆ ವೃತ್ತ ಎಳೆದು ನೋಡಿದರೆ ಸಾಕು. ಲೋಧಿ ಕಾಲೋನಿ ಬರುತ್ತದೆ. ಕೆಡವಿ ಕಟ್ಟುವ ಕಸ್ತೂರಬಾ ನಗರ, ತ್ಯಾಗರಾಜ ನಗರ, ಶ್ರೀನಿವಾಸಪುರಿ ಬರುತ್ತವೆ. ಬಡವರ ಮನೆಗೆ ಸಾಲ ಕೊಡಲೆಂದೇ 1970ರಲ್ಲಿ ಹುಟ್ಟಿದ ಹುಡ್ಕೋದ ಪ್ರಧಾನ ಕಚೇರಿಯೂ ಬರುತ್ತದೆ, ಅದು ಇರುವುದು ಲೋಧಿ ರಸ್ತೆಯ ಹ್ಯಾಬಿಟ್ಯಾಟ್ ಸೆಂಟರಿನಲ್ಲಿ. ಜಾಗವಿಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಜಾಗ ಸರ್ಕಾರದ್ದೇ, ಹೊಸ ಕಟ್ಟಡಗಳೂ ಏಳುತ್ತಿವೆ.

ಕನ್ನಡದ ಸರ್ಕಾರಿ ಭಾಷೆಯಲ್ಲಿ ಒಂದು ಒಳ್ಳೆಯ ಭೇದವಿದೆ. ಪಂಚಾಯಿತಿಯ ಪಟ್ಟಿಗಳಲ್ಲಿ ವಸತಿರಹಿತರು ಬೇರೆ, ನಿವೇಶನರಹಿತರು ಬೇರೆ. ಜಾಗವಿದ್ದು ಮನೆಯಿಲ್ಲದವರು ಮೊದಲನೆಯವರು. ಗೂಟ ಹೊಡೆಯಲೂ ನೆಲವಿಲ್ಲದವರು ಎರಡನೆಯವರು. ಇಂಗ್ಲಿಷಿನಲ್ಲಿ ಬರೆದ ದಿಲ್ಲಿಯ ಯೋಜನೆಗಳು ಇಬ್ಬರನ್ನೂ ಒಂದೇ ಪದದಲ್ಲಿ ಸುತ್ತಿ ಕೈಗೆಟಕುವ ಮನೆಯ ಮಾತಾಡುತ್ತವೆ. 2015ರಲ್ಲಿ ಆರಂಭವಾದ ನಗರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮಂಜೂರಾದ ಸುಮಾರು 1.18 ಕೋಟಿ ಮನೆಗಳಲ್ಲಿ ಅರ್ಧಕ್ಕೂ ಹೆಚ್ಚು ಫಲಾನುಭವಿ ತನ್ನ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವ ಬಗೆಯವು. ಅಂದರೆ ಮೊದಲನೆಯವರಿಗೆ. ಕೊಳೆಗೇರಿಯಿದ್ದಲ್ಲೇ ಮನೆ ಕಟ್ಟುವ ಭಾಗ ಆ ಯೋಜನೆಯಲ್ಲಿ ಎಲ್ಲಕ್ಕಿಂತ ಸೊರಗಿದ್ದು. ನಗರದ ಬಡವರು ಹೆಚ್ಚಾಗಿ ನಿವೇಶನರಹಿತರು. ಅವರಿಗೆ ಬೇಕಾದ್ದು ಮೊದಲು ನೆಲ, ಆಮೇಲೆ ಗಾರೆ. ಕೋಟಿಗಳಲ್ಲಿ ಮನೆ ಎಣಿಸುವ ಜಾಹೀರಾತು ಈ ಭೇದವನ್ನು ನುಂಗಿ ಹಾಕುತ್ತದೆ.

ನೆಲ ಮಾರಿ ಮನೆ ಕಟ್ಟುವ ಈ ವಿದ್ಯೆ ಬೆಂಗಳೂರಿಗೂ ಹೊಸದಲ್ಲ. ಕೋರಮಂಗಲದ ಮಗ್ಗುಲಲ್ಲಿ, ಈಜಿಪುರದಲ್ಲಿ, ಆರ್ಥಿಕವಾಗಿ ದುರ್ಬಲರಿಗೆಂದು 1990ರ ದಶಕದಲ್ಲಿ ಕಟ್ಟಿದ 1,512 ಮನೆಗಳಿದ್ದವು. ಕಳಪೆ ಕಾಮಗಾರಿ, ಹತ್ತು ಹನ್ನೆರಡು ವರ್ಷಗಳಲ್ಲೇ ಕಟ್ಟಡಗಳು ಕುಸಿಯತೊಡಗಿದವು. ಹೊಸದಾಗಿ ಕಟ್ಟಿಕೊಡಲು ಪಾಲಿಕೆ ಖಾಸಗಿ ಕಂಪನಿಯೊಂದರ ಜತೆ ಒಪ್ಪಂದ ಮಾಡಿಕೊಂಡಿತು: 15.64 ಎಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಬಡವರ ಮನೆಗೆ, ಅರ್ಧ ಮಾಲ್ ಕಟ್ಟಲು. 2013ರ ಜನವರಿಯಲ್ಲಿ, ಬೆಂಗಳೂರಿನ ಚಳಿಯಲ್ಲಿ, ಪೊಲೀಸರನ್ನು ನಿಲ್ಲಿಸಿ ಬುಲ್ಡೋಜರ್ ಹಾಯಿಸಿದರು. ಪಾತ್ರೆ ಪಡಗ ರಸ್ತೆಗೆ ಬಿದ್ದವು. ಒಂದಷ್ಟು ಕುಟುಂಬಗಳು ದೂರದ ಸೂಲಿಕುಂಟೆಗೆ ಹೋದವು, ಕೆಲವು ಅಲ್ಲೇ ಬೇಲಿಯ ಹೊರಗೆ ಪ್ಲಾಸ್ಟಿಕ್ ಹೊದಿಸಿ ವರ್ಷಗಟ್ಟಲೆ ಕೂತವು. ಎರಡು ಊರುಗಳ ನಡುವೆ ವ್ಯತ್ಯಾಸವಿದೆ, ನಿಜ. ನೌರೋಜಿ ನಗರದಲ್ಲಿ ಮನೆ ಬಿಟ್ಟ ನೌಕರನಿಗೆ ಬೇರೆ ಕ್ವಾರ್ಟರ್ಸ್ ಸಿಕ್ಕಿತು, ಇಲ್ಲವೇ ಬಾಡಿಗೆ ಭತ್ಯೆ ಬಂತು. ಈಜಿಪುರದವರಿಗೆ ಸಿಕ್ಕಿದ್ದು ಫುಟ್‌ಪಾತು. ಸೂತ್ರ ಮಾತ್ರ ಒಂದೇ: ನೆಲದ ಅರ್ಧವನ್ನು ಕಳೆದುಕೊಂಡರೇ ಉಳಿದರ್ಧದಲ್ಲಿ ಬಡವರಿಗೆ ಮನೆ ಎಂಬುದು.

ಇನ್ನು ಖಾಲಿ ಮನೆಗಳ ಕಥೆ. 2012ರಲ್ಲಿ ಕೇಂದ್ರದ ತಜ್ಞರ ಗುಂಪು ದೇಶದ ನಗರಗಳಲ್ಲಿ 1.878 ಕೋಟಿ ಮನೆಗಳ ಕೊರತೆಯಿದೆ ಎಂದಿತು, ಅದರಲ್ಲಿ ಶೇ. 96ರಷ್ಟು ಕಡಿಮೆ ಆದಾಯದವರದು. ಅದಕ್ಕೂ ಒಂದು ವರ್ಷ ಹಿಂದಿನ ಜನಗಣತಿಯಲ್ಲಿ ನಗರಗಳಲ್ಲಿ ಬೀಗ ಜಡಿದ ಖಾಲಿ ಮನೆಗಳು 1.1 ಕೋಟಿ. ಖಾಸಗಿಯವರದು ಹೂಡಿಕೆಯ ಆಟ ಎನ್ನಬಹುದು, ಸರ್ಕಾರ ಬಡವರಿಗೆಂದೇ ಕಟ್ಟಿದವೂ ಖಾಲಿ ಬಿದ್ದವಲ್ಲ? 2020ರ ಲಾಕ್‌ಡೌನಿನಲ್ಲಿ ಕೂಲಿಕಾರರು ಹೆದ್ದಾರಿಗಳಲ್ಲಿ ನಡೆದುಹೋದ ಮೇಲೆ ಸರ್ಕಾರ ಎಚ್ಚೆತ್ತು, ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ 83,000ದಷ್ಟು ಮನೆಗಳನ್ನು ಬಾಡಿಗೆಗೆ ಕೊಡುವ ಯೋಜನೆ ತಂದಿತು. ಎರಡು ವರ್ಷ ಕಳೆದ ಮೇಲೂ ಅವುಗಳಲ್ಲಿ ಬಾಡಿಗೆ ಮನೆಗಳಾಗಿ ಮಾರ್ಪಟ್ಟವು ಆರು ಸಾವಿರ ಮುಟ್ಟಲಿಲ್ಲ. ದಿಲ್ಲಿಯಲ್ಲಿ ಇಂಥ ಖಾಲಿ ಮನೆಗಳು ಬವಾನಾ, ನರೇಲಾದಂಥ ಅಂಚುಗಳಲ್ಲಿ ಸಾವಿರಗಟ್ಟಲೆ ನಿಂತಿವೆ. ಜನ ಅಲ್ಲಿಗೆ ಹೋಗದಿರುವುದನ್ನು ಕೃತಘ್ನತೆ ಎನ್ನುವ ಅಧಿಕಾರಿಗಳಿದ್ದಾರೆ. ಬೆಳಿಗ್ಗೆ ಆರೂವರೆಗೆ ಲೋಧಿ ಕಾಲೋನಿಯ ಅಡುಗೆಮನೆಯಲ್ಲಿ ಇರಬೇಕಾದ ಹೆಂಗಸು ನರೇಲಾದಿಂದ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಬಸ್ಸು ಬದಲಿಸಬೇಕು ಎಂದು ಅವರು ಒಮ್ಮೆ ಲೆಕ್ಕ ಹಾಕಬಹುದಿತ್ತು. ಪಾದಚಾರಿ ದಾರಿಯಲ್ಲಿ ಬದುಕುವವರು ಅಲ್ಲಿರುವುದು ಕೆಲಸ ಹತ್ತಿರವಿದೆ ಎಂದೇ, ಅವರನ್ನು ಎಬ್ಬಿಸುವುದೆಂದರೆ ಜೀವನೋಪಾಯ ಕಸಿಯುವುದೆಂದೇ ಎಂದು ಸುಪ್ರೀಂ ಕೋರ್ಟ್ ಓಲ್ಗಾ ಟೆಲಿಸ್ ತೀರ್ಪಿನಲ್ಲಿ ಗುರುತಿಸಿದ್ದು 1985ರಲ್ಲಿ. ಶಕೂರ್ ಬಸ್ತಿಯ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ ಬಸ್ತಿಯವರನ್ನು ಅತಿಕ್ರಮಣಕಾರರೆಂದಷ್ಟೇ ನೋಡಬಾರದು ಎಂದದ್ದು 2019ರಲ್ಲಿ. ತೀರ್ಪುಗಳಿಗೆ ಕೊರತೆಯಿಲ್ಲ.

ಇದೇ ದಿಲ್ಲಿ ಒಂದು ಕಾಲಕ್ಕೆ ಬೇರೆ ರೀತಿ ನಡೆದುಕೊಂಡಿತ್ತು. ಲೋಧಿ ಕಾಲೋನಿಯ ಖನ್ನಾ ಮಾರ್ಕೆಟ್, ಮೆಹರ್‌ಚಂದ್ ಮಾರ್ಕೆಟ್ ಎರಡೂ ಒಬ್ಬರದೇ ಹೆಸರು ಹೊತ್ತಿವೆ: ಪುನರ್ವಸತಿ ಸಚಿವರಾಗಿದ್ದ ಮೆಹರ್ ಚಂದ್ ಖನ್ನಾ. ಅವರು ತಾವೇ ಪೇಶಾವರ ಬಿಟ್ಟು ಬಂದವರು. ದೇಶವಿಭಜನೆಯ ನಂತರ ಲಕ್ಷಾಂತರ ನಿರಾಶ್ರಿತರು ಬಂದಾಗ ಸರ್ಕಾರದ ಬೊಕ್ಕಸ ಇಂದಿಗಿಂತ ಎಷ್ಟೋ ಬಡವಾಗಿತ್ತು. ಆದರೂ ಲಜಪತ್ ನಗರ, ರಾಜೇಂದ್ರ ನಗರಗಳಲ್ಲಿ ನಿವೇಶನ, ಮನೆ ಕೊಟ್ಟರು, ಸರ್ಕಾರಿ ಕಾಲೋನಿಗಳ ಪಕ್ಕದಲ್ಲೇ ಅಂಗಡಿ ಹಾಕಿಸಿದರು. ಅವರು ಉಳಿದವರಿಂದ ದೂರವಿರಲಿ ಎಂದು ಮೂವತ್ತು ಕಿಲೋಮೀಟರ್ ಆಚೆಗೆ ದಬ್ಬಲಿಲ್ಲ. ಇಂದು ಆ ಮೆಹರ್‌ಚಂದ್ ಮಾರ್ಕೆಟಿನಲ್ಲಿ ಬೊಟಿಕ್‌ಗಳು, ದುಬಾರಿ ಕೆಫೆಗಳು. ನೆಲೆ ಸಿಕ್ಕಿದ ಜನ ಎರಡು ತಲೆಮಾರಿನಲ್ಲಿ ಎಲ್ಲಿಗೆ ಏರಬಹುದು ಎಂಬುದಕ್ಕೆ ದಿಲ್ಲಿಯ ಪಂಜಾಬಿ ಕುಟುಂಬಗಳಿಗಿಂತ ಸಾಕ್ಷಿ ಬೇಕೆ? ಅದೇ ಅವಕಾಶ ಮದ್ರಾಸಿ ಕ್ಯಾಂಪಿನವರಿಗೆ ಯಾಕಿಲ್ಲ ಎಂದರೆ ಕಟಾಫ್ ದಿನಾಂಕ, ದಾಖಲೆಪತ್ರ ಎಂದು ಉತ್ತರ ಬರುತ್ತದೆ.

ನೆಲ ಮಾರದಿದ್ದರೆ ಹಣ ಎಲ್ಲಿಂದ ಎಂದು ಕೇಳುವವರಿಗೆ ವಿಯೆನ್ನಾ ನಗರವನ್ನು ತೋರಿಸಬಹುದು. ಅಲ್ಲಿ ನಗರಸಭೆಯದೇ ಸುಮಾರು 2.2 ಲಕ್ಷ ಮನೆಗಳಿವೆ, ನೂರು ವರ್ಷಗಳಿಂದ ಕಟ್ಟುತ್ತ ಬಂದದ್ದು. ಪಕ್ಕದ ದೇಶಗಳು ಮಾರಿಕೊಳ್ಳುವಾಗಲೂ ಅದು ಮಾರಲಿಲ್ಲ. ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಲೋಧಿ ಕಾಲೋನಿ ಕಟ್ಟಿದ ಬ್ರಿಟಿಷರೇ ಇದ್ದಾರೆ. 1980ರ ಕಾನೂನಿನ ನಂತರ ತಮ್ಮ ನಾಡಿನ ಸುಮಾರು 20 ಲಕ್ಷ ಸಾರ್ವಜನಿಕ ಮನೆಗಳನ್ನು ರಿಯಾಯಿತಿಯಲ್ಲಿ ಮಾರಿದರು. ಈಗ ಅಲ್ಲಿನ ನಗರಸಭೆಗಳು ಮನೆಯಿಲ್ಲದವರನ್ನು ಇರಿಸಲು ಖಾಸಗಿಯವರಿಗೆ ಬಾಡಿಗೆ ಕಟ್ಟುತ್ತಿವೆ. ಇನ್ನು ದಿಲ್ಲಿಯ ಹಣದ ವಿಷಯ: ನೌಕರನಿಗೆ ಕ್ವಾರ್ಟರ್ಸ್ ಕೊಡುವಾಗ ಯಾರೂ ಲಾಭನಷ್ಟ ಕೇಳುವುದಿಲ್ಲ. ಲೋಧಿ ಕಾಲೋನಿಯ ಮನೆಗೆ ಮಾರುಕಟ್ಟೆ ಬಾಡಿಗೆ ಎಷ್ಟು, ಸರ್ಕಾರ ತಿಂಗಳಿಗೆ ಎಷ್ಟು ಬಿಟ್ಟುಕೊಡುತ್ತಿದೆ ಎಂದು ಬಜೆಟ್ ದಿನ ಚರ್ಚೆಯಾಗುವುದಿಲ್ಲ. ಅದು ಆಡಳಿತದ ಅಗತ್ಯ ಎಂದು ಎಲ್ಲರೂ ಒಪ್ಪಿದ್ದಾರೆ. ಕಸ ಗುಡಿಸುವವರು, ಆಸ್ಪತ್ರೆಯ ಆಯಾಗಳು, ಕಾವಲುಗಾರರು ನಗರದೊಳಗೆ ಮಲಗುವುದೂ ಅಷ್ಟೇ ಅಗತ್ಯ. ಮೇಲಿನ ಟೈಪಿನ ಬಂಗಲೆಗಳಿಗೆ ಸರ್ವೆಂಟ್ ಕ್ವಾರ್ಟರ್ ಅಂಟಿಸಿ ಕಟ್ಟುವಾಗ ಸರ್ಕಾರವೇ ಈ ಅಗತ್ಯವನ್ನು ಒಪ್ಪಿಕೊಂಡಾಗಿದೆ. ಆದರೆ ಆ ಕೋಣೆ ಸಾಹೇಬರ ಮರ್ಜಿಯ ಮೇಲೆ ನಿಂತದ್ದು, ಕೆಲಸ ಹೋದ ದಿನ ಸೂರೂ ಹೋಗುತ್ತದೆ.

ದಿಲ್ಲಿಯ 2021ರ ಮಹಾಯೋಜನೆ ಖಾಸಗಿ ಗುಂಪು ವಸತಿ ಕಟ್ಟುವವರಿಗೆ ಒಂದು ಷರತ್ತು ಹಾಕಿದೆ: ನೆಲದ ವಿಸ್ತೀರ್ಣಕ್ಕೆ ಅನುಮತಿಸಿದ ನಿರ್ಮಾಣದ ಶೇ. 15ರಷ್ಟನ್ನು ಸೇವಾ ಕೆಲಸಗಾರರಿಗೆ, ಬಡವರಿಗೆ ಮೀಸಲಿಡಬೇಕು. ಏಳು ಕಾಲೋನಿಗಳ 25,667 ಮನೆಗಳ ಸಂಖ್ಯೆಗೆ ಅದೇ ಶೇ. 15 ಹಚ್ಚಿದರೆ 3,850 ಮನೆ. ಮದ್ರಾಸಿ ಕ್ಯಾಂಪಿನಂಥ ಹತ್ತು ಬಸ್ತಿಗಳು ಐದು ಕಿಲೋಮೀಟರಿನೊಳಗೇ ಸೇರಬಹುದು. ಅವನ್ನು ಮಾರುವುದು ಬೇಡ, ಹಕ್ಕುಪತ್ರ ಕೊಟ್ಟು ಮರುದಿನ ದಲ್ಲಾಳಿಯ ಕೈಗೆ ಹೋಗುವಂತೆ ಮಾಡುವುದೂ ಬೇಡ. ಲೋಧಿ ಕಾಲೋನಿಯಂತೆ ಬಾಡಿಗೆಗೆ ಕೊಡಲಿ, ಆದಾಯದ ಹತ್ತನೇ ಒಂದು ಪಾಲು ಪಡೆಯಲಿ, ಬಿಟ್ಟು ಹೋದಾಗ ಮುಂದಿನವರಿಗೆ ಕೊಡಲಿ. ನಾಳೆ ಲೋಧಿ ಕಾಲೋನಿಯನ್ನೇ ಕೆಡವುವ ಮಾತು ಬಂದರೆ, ಚಿತ್ರ ಬರೆದ ಗೋಡೆಗಳಿಗಾಗಿ ಸಹಿ ಸಂಗ್ರಹಿಸುವವರು ಈ ಷರತ್ತನ್ನೂ ಮನವಿಯಲ್ಲಿ ಒಂದು ಸಾಲಾಗಿ ಸೇರಿಸಲಿ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಸರ್ಕಾರಿ ಕ್ವಾರ್ಟರ್ಸ್ ಹಂಚಲು ಈಗಾಗಲೇ ಇ-ಸಂಪದಾ ಎಂಬ ಪೋರ್ಟಲಿದೆ. ನೌಕರ ಅರ್ಜಿ ಹಾಕುತ್ತಾನೆ, ಅವನ ಆದ್ಯತೆಯ ದಿನಾಂಕ ನಿಗದಿಯಾಗುತ್ತದೆ, ಸರತಿ ಬಂದಾಗ ಮನೆ ಬರುತ್ತದೆ. ಅದೇ ಪುಟದಲ್ಲಿ ಎರಡನೆಯ ಪಟ್ಟಿಯೊಂದನ್ನು ತೆರೆದು, ಮನೆಗೆಲಸದವರ, ಪೌರಕಾರ್ಮಿಕರ, ಕಾವಲುಗಾರರ ಹೆಸರು ಬರೆದುಕೊಳ್ಳಬಹುದು. ಲೋಧಿ ಕಾಲೋನಿಯ ಮನೆಮನೆಗೂ ದಿನಾ ಬೆಳಿಗ್ಗೆ ಬರುವವರ ಹೆಸರಿನಿಂದಲೇ ಆ ಪಟ್ಟಿ ಶುರುವಾಗಲಿ.